ಗೆರೆ ಎಳೆಯುವ ಮೊದಲು ಆ ಇಮೇಜ್ ಒಂದ್ಸಲ ನೋಡಿ ಮಾರಾಯ್ರೆ

ಮಧ್ಯಾಹ್ನದ ಮೀಟಿಂಗ್ ಮುಗಿದು ಇಷ್ಟು ಹೊತ್ತಾದ್ರೂ ಸಿಟ್ಟು ಇಳೀಲಿಲ್ಲ. ಇಲ್ಲಿ ಬದಿಯಡ್ಕದಲ್ಲಿ ಜಡಿಮಳೆ, ಕರೆಂಟು ಹೋಗಿ ಬಂದು ಮಾಡ್ತಾ ಇತ್ತು, ಆದ್ರೂ ಆನ್‌ಲೈನಲ್ಲಿ ನಮ್ಮ ಟೀಮಿನವರು ತೋರಿಸಿದ್ದು ಸರಿಯಾಗಿಯೇ ಕಂಡಿತು. ಬೋರ್‌ಹೋಲ್ ಇಮೇಜಲ್ಲಿ, ಅಂದ್ರೆ ಕೊರೆದ ಬಾವಿಯ ಒಳಗೋಡೆಯ ಚಿತ್ರದಲ್ಲಿ, ಸಾಫ್ಟ್‌ವೇರ್ ತಾನಾಗಿ ಎಳೆದ ಗೆರೆಗಳನ್ನೆಲ್ಲ ಒಟ್ರಾಶಿ ಸೇರಿಸಿ, ಹಳೇ ನದಿ ಮೂಡಕ್ಕೆ ಹರೀತಿತ್ತು ಅಂತ ತೀರ್ಮಾನ! ಇಮೇಜನ್ನು ಒಬ್ಬರಾದ್ರೂ ಕಣ್ಣಿಟ್ಟು ನೋಡಿದ್ರಾ?

ನಾನು ಎಣ್ಣೆ ಬಾವಿ ಕೆಲಸದವ ಅಂತ ನಿಮಗೆ ಗೊತ್ತುಂಟು. ಈ ಇಮೇಜ್ ಅಂದ್ರೆ ಫೋಟೋ ಅಲ್ಲ. ಬಾವಿಗೆ ಇಳಿಸುವ ಎಫ್‌ಎಂಐ ಅನ್ನುವ ಟೂಲಿನ 192 ಸಣ್ಣ ಬಟನ್‌ಗಳು ಬಾವಿಯ ಗೋಡೆಗೆ ಒತ್ತಿಕೊಂಡು ಮೇಲೆ ಬರುವಾಗ ಕಲ್ಲಿನೊಳಗೆ ಕರೆಂಟ್ ಎಷ್ಟು ಹರೀತದೆ ಅಂತ ಅಳೀತವೆ, ಸುಮಾರು 5 ಮಿಲಿಮೀಟರಿನಷ್ಟು ಸಣ್ಣ ವಿವರ ಸಹ ಸಿಗ್ತದೆ. ಕರೆಂಟ್ ಸಲೀಸಾಗಿ ಹರಿಯುವ ಶೇಲ್ (ಕೆಸರು ಗಟ್ಟಿಯಾಗಿ ಆದ ಕಲ್ಲು) ಕಪ್ಪು, ಗಟ್ಟಿ ಸುಣ್ಣಕಲ್ಲು ಬಿಳಿ. ಡ್ರಿಲ್ಲಿಂಗ್ ಮಡ್, ಅಂದ್ರೆ ಕೊರೆಯುವಾಗ ಬಾವಿಗೆ ಬಿಡುವ ಕೆಸರುನೀರು, ಹೊಕ್ಕ ಬಿರುಕು ಸಹ ಕಪ್ಪೇ. ಹಾಗಾಗಿ ಕಪ್ಪು ಗೆರೆ ಕಂಡ ಕೂಡಲೇ ಅದು ಎಂತದು ಅಂತ ನೋಡಲೇಬೇಕು.

ಒಂದು ಪಿವಿಸಿ ಪೈಪನ್ನು ಓರೆಯಾಗಿ ಕೊಯ್ದು, ಅದಕ್ಕೆ ಕಾಗದ ಸುತ್ತಿ, ಕೊಯ್ದ ಅಂಚಿನ ಗುಂಟ ಪೆನ್ಸಿಲ್ ಎಳೆದು ಬಿಡಿಸಿ ನೋಡಿ, ಅಲೆ ಬರ್ತದೆ. ವಾಲಿದ ಪದರ ಇಮೇಜಲ್ಲಿ ಕಾಣುವುದು ಹೀಗೇ. ಅಲೆಯ ತಗ್ಗು ಇದ್ದ ದಿಕ್ಕಿಗೆ ಪದರ ಇಳಿದಿರ್ತದೆ. ಎಂಟೂವರೆ ಇಂಚು ಅಗಲದ ನೆಟ್ಟಗಿನ ಬಾವಿಯಲ್ಲಿ ಅಲೆಯ ಎತ್ತರವೂ ಎಂಟೂವರೆ ಇಂಚಾದ್ರೆ ಪದರದ ವಾಲು 45 ಡಿಗ್ರಿ, ಒಂದೂವರೆ ಇಂಚಾದ್ರೆ ಸುಮಾರು 10. ಇದನ್ನು ಮೆಶಿನ್ ಚಂದ ಮಾಡ್ತದೆ, ನನ್ನ ತಕರಾರು ಅದಲ್ಲ.

ಬೇಸಗೆಯಲ್ಲಿ ಪಯಸ್ವಿನಿಯ ಮರಳುದಿಬ್ಬ ಕಡಿದಲ್ಲಿ ಓರೆ ಗೆರೆಗಳು ಕಾಣ್ತವಲ್ಲ, ಅವು ನೀರು ಹೋದ ಕಡೆಗೆ ಇಳಿದಿರ್ತವೆ, ಮರಳುಗಲ್ಲಿನೊಳಗೂ ಅದೇ ಓರೆ. ಶೇಲ್ ಹಾಗಲ್ಲ, ನಿಂತ ನೀರಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿ ಕೂತದ್ದು, ಅದು ಈಗ ವಾಲಿದ್ರೆ ಇಡೀ ನೆಲವೇ ಆಮೇಲೆ ವಾಲಿದೆ ಅಂತ ಅರ್ಥ. ಮೊದಲು ಶೇಲಿನ ವಾಲು ಕಳೀಬೇಕು, ಮತ್ತೆಯೇ ನದಿಯ ಮಾತು. ಇವತ್ತಿನ ಬಾವಿಯಲ್ಲಿ ಶೇಲ್ 10 ಡಿಗ್ರಿ ಮೂಡಕ್ಕೆ ವಾಲಿದೆ. ಮೂಲದಲ್ಲಿ 8 ಡಿಗ್ರಿ ಪಡುವಕ್ಕೆ ಇಳಿದಿದ್ದ ಓರೆ ಪದರ ಈಗ 2 ಡಿಗ್ರಿ ಮೂಡಕ್ಕೆ ಇಳಿದ ಹಾಗೆ ಕಾಣ್ತದೆ. ನದಿಯೇ ಉಲ್ಟಾ! ನಾವು ಎಣ್ಣೆ ಹುಡುಕುವುದು ಆ ನದಿಯ ಮರಳುಗಲ್ಲಲ್ಲಿ, ಮರಳಿನ ಜಾಡು ಹಿಡಿದೇ ಮುಂದಿನ ಬಾವಿಯ ಜಾಗ ಗುರುತು ಮಾಡುವುದು, ಅಲ್ಲಿ ಕೊರೆದು ಬರೀ ಶೇಲ್ ಸಿಕ್ಕಿದ್ರೆ ಯಾರು ಜವಾಬು ಕೊಡುವುದು?

ಸಾವಿರಗಟ್ಟಲೆ ಮೀಟರ್ ಇಮೇಜ್ ಕೂತು ನೋಡಲು ಯಾರಿಗೆ ಪುರುಸೊತ್ತು ಸರ್ ಅಂತ ಕೇಳಿದ್ರು. ಗೆರೆ ಮೆಶಿನ್ ಎಳೀಲಿ, ಬೇಡ ಅಂದವರು ಯಾರು. ಆದ್ರೆ ಡ್ರಿಲ್ ಮಾಡುವಾಗಲೇ ಹುಟ್ಟಿದ ಬಿರುಕು ಬಾವಿಯ ಎದುರುಬದುರು ಗೋಡೆಗಳಲ್ಲಿ ಉದ್ದಕ್ಕೆ ಇಳಿದಿರ್ತದೆ, ಅದಕ್ಕೂ ಅಲೆ ಕೂರಿಸಿ ಪದರಗಳ ಲೆಕ್ಕಕ್ಕೆ ಸೇರಿಸಿದ್ದಾರೆ! ಇಷ್ಟು ನೋಡಲೂ ಪುರುಸೊತ್ತಿಲ್ಲ ಅಂದ್ರೆ ಅಷ್ಟು ದುಡ್ಡು ಸುರಿದು ಟೂಲ್ ಇಳಿಸಿದ್ದು ಎಂತಕ್ಕೆ?

ನನಗೆ ಈ ಕೆಲಸದ ಮೇಲೆ ಪ್ರೀತಿ ಜಾಸ್ತಿ, ಒಪ್ತೇನೆ. ಕೋಟಿಗಟ್ಟಲೆ ವರ್ಷ ಹಿಂದೆ ಬತ್ತಿದ ಹೊಳೆ ಯಾವ ಕಡೆ ಹರೀತಿತ್ತು ಅಂತ ಅಷ್ಟು ಆಳದ ಗೋಡೆ ನೋಡಿ ಹೇಳ್ಬಹುದು ಅಂದ್ರೆ ಈಗಲೂ ಮೈ ಜುಂ ಅಂತದೆ. ಅದಕ್ಕೇ ಇಷ್ಟು ಉರಿಯುವುದು.

ರಿಪೋರ್ಟಿಗೆ ಸಹಿ ಹಾಕಲಿಲ್ಲ. ಶೇಲ್, ಓರೆ ಪದರ, ಬಿರುಕು ಮೂರನ್ನೂ ಬೇರೆ ಬೇರೆ ಮಾಡಿ ತನ್ನಿ ಅಂತ ವಾಪಸ್ ಕಳಿಸಿದ್ದೇನೆ, ಸೋಮವಾರ ಇಮೇಜ್ ತೆರೆದಿಟ್ಟು ಒಟ್ಟಿಗೆ ಕೂತು ನೋಡುವ ಅಂತಲೂ ಹೇಳಿದ್ದೇನೆ.