ಸ್ಪಷ್ಟನೆ: ಜೌಗಿನ ಪಕ್ಕ ಡೆಕ್ (ಮನೆಗೆ ಹೊಂದಿಕೊಂಡ ಮರದ ಜಗಲಿ) ಕಟ್ಟಲೇಬಾರದು ಅಂತೇನಿಲ್ಲ

ಮ್ಯಾಸಚೂಸೆಟ್ಸ್‌ನಲ್ಲಿ ಮನೆ ಕೊಳ್ಳುವ ನಮ್ಮವರ ನಡುವೆ ಒಂದು ಮಾತು ಓಡಾಡುತ್ತಿದೆ: "ಜೌಗಿನಿಂದ 100 ಅಡಿಯೊಳಗೆ ಏನೂ ಕಟ್ಟುವ ಹಾಗಿಲ್ಲ, ಊರಿನ ಕನ್ಸರ್ವೇಶನ್ ಕಮಿಷನ್ (ಜೌಗು, ಹೊಳೆಗಳನ್ನು ಕಾಯುವ ಸಮಿತಿ) ಜಾಗವನ್ನೇ ಕಿತ್ತುಕೊಳ್ಳುತ್ತೆ." ಸುಮ್ನೆ ಹೆದರಿಕೆ. ಜಾಗ ನಿಮ್ಮದೇ.

ಆ 100 ಅಡಿಯೊಳಗೆ ಮಣ್ಣು ಅಗೆಯುವ ಮೊದಲು ಕಮಿಷನ್ನನ್ನು ಕೇಳಬೇಕು. ಹೊಳೆ ಪಕ್ಕವಾದರೆ ಸಾಮಾನ್ಯವಾಗಿ 200 ಅಡಿ. ಅರ್ಜಿ ಹಾಕಿದರೆ ಎಲ್ಲರ ಎದುರೇ ವಿಚಾರಣೆ. ಕಮಿಷನ್‌ನಲ್ಲಿ ಕೂತಿರುವವರು ಹೆಚ್ಚಾಗಿ ಸಂಬಳವಿಲ್ಲದ ಊರವರು. ಮಳೆಗೆ ಮಣ್ಣು ಕೊಚ್ಚಿ ಜೌಗಿಗೆ ಹೋಗದಂತೆ ಅಂಚಿನುದ್ದಕ್ಕೂ ಒಣಹುಲ್ಲಿನ ಸುರುಳಿ ಇಡಿ, ಇಂಥ ಷರತ್ತು ಹಾಕಿ ಒಪ್ಪಿಗೆ ಕೊಡುವುದೇ ಜಾಸ್ತಿ. ಆ ಒಪ್ಪಿಗೆಯ ಆದೇಶ ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿ (ಆಸ್ತಿ ಪತ್ರಗಳ ನೋಂದಣಿ ಕಚೇರಿ) ದಾಖಲಾದ ಮೇಲೇ ಕೆಲಸ ಶುರು.

ಕೆಲವು ಊರುಗಳ ಸ್ವಂತ ನಿಯಮ ಇನ್ನೂ ಬಿಗಿ. ಕಂಟ್ರಾಕ್ಟರ್‌ಗೆ ಮುಂಗಡ ಕೊಡುವ ಮೊದಲೇ ಟೌನ್ ಹಾಲ್‌ನಲ್ಲಿ ವಿಚಾರಿಸಿಬಿಡಿ.