ದೆವ್ವದ ಕೈಯಲ್ಲಿ ವಾಚ್

ಮೊನ್ನೆ ಒಂದು ಹಾರರ್ ಕಾಮಿಡಿ ನೋಡಿದೆ. ಹೆಸರು ಬೇಡ ಬಿಡಿ, ಪಾಪ, ಸಾಲ ಮಾಡಿ ತೆಗೆದಂತಿದೆ. ಮಧ್ಯರಾತ್ರಿ. ನಾಯಕಿ ಮೋಂಬತ್ತಿ ಹಿಡಿದು ಪಾಳು ಬಂಗಲೆಯಲ್ಲಿ ನಿಂತಿದ್ದಾಳೆ. ಗೋಡೆ ಗಡಿಯಾರ ಹನ್ನೆರಡು ಹೊಡೆಯುತ್ತಿದೆ. ಹಿಂದಿನಿಂದ ಒಂದು ಕೈ ಮೆಲ್ಲಗೆ ಅವಳ ಭುಜದ ಕಡೆ ಬರುತ್ತದೆ. ಕೊಳೆತ ಚರ್ಮ, ಉದ್ದ ಉಗುರು, ಅಲ್ಲಲ್ಲಿ ಹಸಿರು. ಮೇಕಪ್ ಮಾಡಿದವನು ಕಷ್ಟಪಟ್ಟಿದ್ದಾನೆ, ಸುಳ್ಳು ಹೇಳಬಾರದು. ಆದರೆ ಮಣಿಕಟ್ಟಿನಲ್ಲಿ ವಾಚ್ ಇದೆ. ಡಿಜಿಟಲ್ ವಾಚ್. ಇನ್ನೂರು ವರ್ಷದ ಹಿಂದೆ ಸತ್ತ ದೆವ್ವದ ಕೈಯಲ್ಲಿ ಟೈಮು ಸಂಜೆ ನಾಲ್ಕು ಹತ್ತು.

ನಾನು ನಕ್ಕೆ. ಪಕ್ಕದಲ್ಲಿದ್ದ ಗೆಳೆಯ ನನ್ನನ್ನು ಕನಿಕರದಿಂದ ನೋಡಿದ. "ಅದು ಬೇಕಂತಲೇ ಇಟ್ಟಿರೋದು ಕಣೋ," ಅಂದ. "ನಿಂಗೆ ಈ ಥರದ ಸಿನಿಮಾ ಅರ್ಥ ಆಗಲ್ಲ."

ನೋಡಿ, ದುಡ್ಡು ಕೊಟ್ಟು ಟಿಕೆಟ್ ತಗೊಂಡವನು ನಾನು, ದೆವ್ವದ ವಾಚ್ ಕಂಡುಹಿಡಿದವನು ನಾನು, ಕೊನೆಗೆ ದಡ್ಡನೂ ನಾನೇ.

ಹಾರರ್ ಕಾಮಿಡಿ ಅನ್ನೋದು ಎರಡು ಬಾಗಿಲಿನ ಮನೆ. ಪ್ರೇಕ್ಷಕ ಬೈಯೋಕೆ ಅಂತ ಮುಂಬಾಗಿಲಿಗೆ ಬಂದರೆ ನಿರ್ದೇಶಕ ಹಿತ್ತಲ ಬಾಗಿಲಿಂದ ಪರಾರಿ. ಹೆದರಿಕೆನೇ ಆಗಲಿಲ್ಲ ಅಂದ್ರೆ, ಸಾರ್ ಇದು ಕಾಮಿಡಿ. ನಗುನೇ ಬರಲಿಲ್ಲ ಅಂದ್ರೆ, ಸಾರ್ ಇದು ಮೂಲತಃ ಹಾರರ್. ಎರಡೂ ಆಗಲಿಲ್ಲ ಅಂತ ಹಟ ಹಿಡಿದರೆ, ಇದು ಎಲ್ಲರಿಗೂ ಅಲ್ಲ ಸಾರ್, ಕಲ್ಟ್. ಬರೀ ಕಾಮಿಡಿ ತೆಗೆಯುವವನಿಗೆ ಇಷ್ಟು ಸೌಲಭ್ಯ ಇಲ್ಲ. ಜನ ನಗಲಿಲ್ಲವೋ, ಅವನ ಕಥೆ ಮುಗೀತು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಅದು ಹಳೇ ಗಾದೆ. ಈಗ ನೆಲ ಡೊಂಕಿದೆ ಅಂತ ಪೋಸ್ಟರಿನಲ್ಲೇ ಹಾಕಿ, ಆ ಡೊಂಕು ನೋಡೋಕೆ ಟಿಕೆಟ್ ಇಡುತ್ತಾರೆ.

ನೀವು ಗಮನಿಸಿದ್ದೀರೋ ಇಲ್ಲವೋ, ಈ ಸಿನಿಮಾಗಳಲ್ಲಿ ದೆವ್ವಕ್ಕಿಂತ ಪ್ರೊಡಕ್ಷನ್ ಮ್ಯಾನೇಜರ್‌ಗೆ ಶಕ್ತಿ ಜಾಸ್ತಿ. ದೆವ್ವ ಯಾಕೆ ಒಂದೇ ಮನೆಗೆ ಅಂಟಿಕೊಂಡಿರುತ್ತದೆ? ತೀರದ ಆಸೆ, ಮುಗಿಯದ ಸೇಡು ಅಂತೆಲ್ಲ ಕಥೆಯಲ್ಲಿ ಹೇಳುತ್ತಾರೆ. ನಿಜ ಏನಂದ್ರೆ ಬಾಡಿಗೆ ಕೊಟ್ಟಿರೋದು ಒಂದೇ ಮನೆಗೆ. ರಾತ್ರಿನೇ ಯಾಕೆ ಬರುತ್ತದೆ? ಹಗಲಲ್ಲಿ ಬಂದರೆ ಗೋಡೆ ಪ್ಲೈವುಡ್ ಅಂತ ಗೊತ್ತಾಗುತ್ತದೆ. ಅಷ್ಟೊಂದು ಹೊಗೆ ಯಾಕೆ? ಹೊಗೆಯ ಹಿಂದೆ ಕಾಡಿಲ್ಲ, ಗಾಡಿ ನಿಲ್ಲಿಸೋ ಜಾಗ ಇದೆ. ಐದು ಜನ ಗೆಳೆಯರು ಬಂಗಲೆಗೆ ಬರುತ್ತಾರೆ, ಅದರಲ್ಲಿ ಸ್ವಲ್ಪ ಮುಖಪರಿಚಯ ಇರುವ ನಟ ಮೊದಲ ಇಪ್ಪತ್ತು ನಿಮಿಷದಲ್ಲೇ ಸಾಯುತ್ತಾನೆ. ಎಂಥಾ ಅನಿರೀಕ್ಷಿತ ತಿರುವು ಅಂತ ನಾವು ಬಾಯಿ ಬಿಡುತ್ತೇವೆ. ಅವನ ಕಾಲ್‌ಶೀಟ್ ಇದ್ದಿದ್ದೇ ಎರಡು ದಿನ.

ಇದೆಲ್ಲಕ್ಕಿಂತ ದೊಡ್ಡ ಉಪಾಯ ಮೈಮೇಲೆ ಬರೋದು. ಯಾರು ಕಂಡುಹಿಡಿದರೋ, ಅವರಿಗೆ ಅರ್ಥಶಾಸ್ತ್ರದಲ್ಲಿ ಒಂದು ಬಹುಮಾನ ಕೊಡಬೇಕು. ದೆವ್ವಕ್ಕೆ ಅಂತ ಬೇರೆ ನಟ ಬೇಡ, ಬೇರೆ ಬಟ್ಟೆ ಬೇಡ. ಇರುವ ನಟನೇ ಕಣ್ಣು ಮೇಲೆ ಮಾಡಿ ಗಂಟಲು ಕೆರೆದು ಮಾತಾಡಿದರೆ ಒಂದೇ ಸಂಬಳದಲ್ಲಿ ಎರಡು ಪಾತ್ರ. ಇನ್ನೂ ದುಡ್ಡು ಕಡಿಮೆ ಬಿದ್ದರೆ ಕಣ್ಣಿಗೆ ಕಾಣದ ದೆವ್ವ ಇದೆಯಲ್ಲ. ಬಾಗಿಲಿಗೆ ದಾರ ಕಟ್ಟಿ ಎಳೆದರೆ ಆಯಿತು. ದಾರ ಕಂಡರೆ? ಕಾಮಿಡಿ.

ರಕ್ತವೂ ಅಗ್ಗವೇ. ಜೋಳದ ಸಿರಪ್ಪಿಗೆ ಕೆಂಪು ಬಣ್ಣ ಕಲಸಿದರೆ ಮುಗೀತು. 1968ರಲ್ಲಿ ಜಾರ್ಜ್ ರೊಮೆರೊ ತನ್ನ ಜೋಂಬಿ ಸಿನಿಮಾ ತೆಗೆದಾಗ ಅದು ಕಪ್ಪು ಬಿಳುಪು, ಹಾಗಾಗಿ ಚಾಕೊಲೇಟ್ ಸಿರಪ್ಪೇ ರಕ್ತವಾಯಿತು. ಕಷ್ಟ ಏನಿದ್ದರೂ ಹೆಣದ ಪಾತ್ರ ಮಾಡುವವನದು. ಮೈತುಂಬ ಸಕ್ಕರೆ ಪಾಕ ಬಳಿದುಕೊಂಡು ಅಲ್ಲಾಡದೆ ಮಲಗಬೇಕು, ಇರುವೆಗಳಿಗೆ ಮಾತ್ರ ಅವನು ಸತ್ತಿದ್ದಾನೋ ಇಲ್ಲವೋ ಅನ್ನೋದರ ಚಿಂತೆ ಇಲ್ಲ.

ಇಷ್ಟೆಲ್ಲ ಆಡಿಕೊಂಡೆ ಅಂತ ನನಗೆ ಬಡ ಸಿನಿಮಾ ಕಂಡರೆ ಆಗಲ್ಲ ಅಂದುಕೊಳ್ಳಬೇಡಿ. ಬಡತನದಲ್ಲಿ ಒಂದು ತಲೆ ಇರುತ್ತದೆ, ನನಗೆ ಅದರ ಹುಚ್ಚು. ಸ್ಯಾಮ್ ರೈಮಿ ಅನ್ನುವ ಹುಡುಗ ಗೆಳೆಯರ ಜೊತೆ ಕಾಡಿನ ಮಧ್ಯೆ ಒಂದು ಹಳೇ ಮನೆ ಹಿಡಿದು ಸಿನಿಮಾ ಮಾಡಿದ, 1981ರಲ್ಲಿ ಅದು ಜನರ ಮುಂದೆ ಬಂತು. ಆಗಿನ ಕಾಲದ ಒಳ್ಳೇ ಕ್ಯಾಮೆರಾ ಸಲಕರಣೆ ತರಿಸೋಕೆ ದುಡ್ಡಿಲ್ಲ. ಸರಿ, ಒಂದು ಮರದ ಹಲಗೆಗೆ ಕ್ಯಾಮೆರಾ ಕಟ್ಟಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದುಕೊಂಡು ಕಾಡಿನಲ್ಲಿ ಓಡಿದರು. ತೆರೆ ಮೇಲೆ ಅದು ಏನೋ ಒಂದು ಕೆಟ್ಟ ಶಕ್ತಿ ಮರಗಳ ನಡುವೆ ನುಗ್ಗಿ ಬರುವ ಹಾಗೆ ಕಂಡಿತು. ಪೀಟರ್ ಜಾಕ್ಸನ್ ಕಥೆ ಇನ್ನೂ ಚೆನ್ನಾಗಿದೆ. ನ್ಯೂಜಿಲೆಂಡಿನ ಈ ಮನುಷ್ಯ ವಾರವೆಲ್ಲ ಕೆಲಸಕ್ಕೆ ಹೋಗಿ, ರಜಾದಿನ ಗೆಳೆಯರನ್ನು ಸೇರಿಸಿಕೊಂಡು ನಾಲ್ಕು ವರ್ಷ ಒಂದೇ ಸಿನಿಮಾ ತೆಗೆದ. ರಾಕ್ಷಸರ ಮುಖವಾಡಗಳನ್ನು ಅವರಮ್ಮನ ಓವನ್‌ನಲ್ಲೇ ಬೇಯಿಸಿದ. ನಟರು ಸಾಲಲಿಲ್ಲ ಅಂತ ತಾನೇ ಎರಡು ಪಾತ್ರ ಮಾಡಿದ, ಒಂದಕ್ಕೆ ಗಡ್ಡ ಇದೆ ಇನ್ನೊಂದಕ್ಕೆ ಇಲ್ಲ, ಒಂದು ಕಡೆ ಬಂಡೆಯ ತುದಿಯಲ್ಲಿ ಗಡ್ಡದ ಜಾಕ್ಸನ್ನಿಗೂ ಗಡ್ಡವಿಲ್ಲದ ಜಾಕ್ಸನ್ನಿಗೂ ಮಾರಾಮಾರಿ. 1987ರಲ್ಲಿ ಅದು ಹೊರಬಂತು. ಅದೇ ಮನುಷ್ಯನ ಮತ್ತೊಂದು ಸಿನಿಮಾಕ್ಕೆ 2004ರಲ್ಲಿ 11 ಆಸ್ಕರ್ ಬಂತು. ಓವನ್ ಏನಾಯಿತೋ!

ಇವರು ಯಾರೂ ಬಡತನವನ್ನು ತೋರಿಸೋಕೆ ಹೋಗಲಿಲ್ಲ. ಮುಚ್ಚಿಡೋಕೆ ಹೋದರು. ಮುಚ್ಚಿದಲ್ಲೆಲ್ಲ ಹರಿದುಕೊಂಡು ಕಾಣಿಸಿತು, ಅಲ್ಲಿ ನಗು ಬಂತು.

ಈ ಹರಿದ ಬಟ್ಟೆಗಳ ರಾಜ ಅಂದ್ರೆ ಎಡ್ ವುಡ್. 1950ರ ದಶಕದಲ್ಲಿ ಹಾರರ್ ತೆಗೆಯೋಕೆ ಹೊರಟವನು. ಹಳೇ ಸಿನಿಮಾದಲ್ಲಿ ಡ್ರಾಕುಲಾ ಆಗಿದ್ದ ನಟ ಬೇಲಾ ಲುಗೋಸಿಯ ಕೈಲಿ ಸ್ವಲ್ಪ ಶೂಟಿಂಗ್ ಮಾಡಿಸಿಟ್ಟುಕೊಂಡಿದ್ದ. 1956ರಲ್ಲಿ ಲುಗೋಸಿ ತೀರಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಕೈ ಬಿಡುತ್ತಿದ್ದರು. ವುಡ್ ತನ್ನ ಹೆಂಡತಿಯ ಬೆನ್ನುಮೂಳೆ ನೀವುವ ವೈದ್ಯನನ್ನು ಕರೆದುಕೊಂಡು ಬಂದ. ಅವನು ಲುಗೋಸಿಗಿಂತ ಉದ್ದ, ಮುಖದಲ್ಲಿ ಹೋಲಿಕೆ ಅನ್ನೋದೇ ಇಲ್ಲ. ಹಾಗಾಗಿ ಉಳಿದ ಸಿನಿಮಾ ಪೂರ್ತಿ ಆತ ಕರಿ ಮೇಲಂಗಿಯಿಂದ ಮುಖ ಮುಚ್ಚಿಕೊಂಡು ಓಡಾಡಿದ. ವುಡ್‌ಗೆ ಇದರಲ್ಲಿ ತಮಾಷೆ ಕಾಣಲಿಲ್ಲ. ತಾನೊಂದು ದೊಡ್ಡ ಸಿನಿಮಾ ಮಾಡುತ್ತಿದ್ದೇನೆ ಅಂತಲೇ ನಂಬಿದ್ದ. 1978ರಲ್ಲಿ, ಇದ್ದ ಬಾಡಿಗೆ ಮನೆಯಿಂದಲೂ ಹೊರಬಿದ್ದ ಕೆಲವೇ ದಿನಗಳಲ್ಲಿ ಸತ್ತ. ಅದಾದ 2 ವರ್ಷಕ್ಕೆ, 1980ರಲ್ಲಿ, ಸಾರ್ವಕಾಲಿಕ ಕೆಟ್ಟ ಸಿನಿಮಾ ಅಂತ ಅದೇ ಸಿನಿಮಾಕ್ಕೆ ಬಿರುದು ಸಿಕ್ಕಿತು, ಜನ ಮುಗಿಬಿದ್ದರು. 1994ರಲ್ಲಿ ಹಾಲಿವುಡ್ಡಿನವರು ಅವನ ಮೇಲೆಯೇ ಒಂದು ಸಿನಿಮಾ ತೆಗೆದರು. ಮಿಲಿಯನ್‌ಗಟ್ಟಲೆ ಡಾಲರ್ ಸುರಿದು, ಅವನ ಅಗ್ಗದ ಸೆಟ್‌ಗಳನ್ನು ಜೋಪಾನವಾಗಿ ಮತ್ತೆ ಕಟ್ಟಿದರು. ಅದಕ್ಕೆ 2 ಆಸ್ಕರ್ ಬಂತು. ಒಂದು ಲುಗೋಸಿಯ ಪಾತ್ರ ಮಾಡಿದ ನಟನಿಗೆ. ಇನ್ನೊಂದು, ಕೇಳಿ, ಮೇಕಪ್‌ಗೆ. ಲುಗೋಸಿಯ ಹಾಗೆ ಕಾಣುವವನನ್ನು ಹುಡುಕೋಕೆ ಆಗದೆ ವುಡ್ ಬಟ್ಟೆ ಮುಚ್ಚಿಸಿದ ಮುಖಕ್ಕೆ, ಬಟ್ಟೆ ತೆಗೆಸಿದ್ದಕ್ಕೆ ಆಸ್ಕರ್.

ಅಲ್ಲಿಗೆ ವ್ಯಾಪಾರಸ್ಥರಿಗೆ ಒಂದು ವಿಷಯ ಖಾತ್ರಿ ಆಯಿತು. ಒಳ್ಳೇದಾಗಿ ಮಾಡೋಕೆ ಕಷ್ಟ ಇದೆ, ಕೆಟ್ಟದಾಗಿ ಮಾಡಿದರೂ ಗಿರಾಕಿ ಇದ್ದಾರೆ. 1978ರಲ್ಲಿ ಟೊಮೆಟೊಗಳು ಮನುಷ್ಯರನ್ನು ಕೊಲ್ಲುವ ಒಂದು ಸಿನಿಮಾ ಬಂತು, ಅದರ ಶೂಟಿಂಗ್‌ನಲ್ಲಿ ಹೆಲಿಕಾಪ್ಟರ್ ನಿಜವಾಗಿಯೂ ನೆಲಕ್ಕೆ ಬಿತ್ತು. ಅದೃಷ್ಟಕ್ಕೆ ಯಾರ ಪ್ರಾಣವೂ ಹೋಗಲಿಲ್ಲ, ಕ್ಯಾಮೆರಾ ಓಡುತ್ತಲೇ ಇತ್ತು, ಆ ದೃಶ್ಯ ಸಿನಿಮಾದೊಳಗೆ ಹಾಗೇ ಉಳಿಯಿತು. ಆಗ ಎಡವಟ್ಟು ತಾನಾಗಿ ಆಗುತ್ತಿತ್ತು. ಈಗ ಎಡವಟ್ಟಿಗೇ ಮೀಟಿಂಗ್ ಇಡುತ್ತಾರೆ. ಸುಂಟರಗಾಳಿಯಲ್ಲಿ ಶಾರ್ಕ್‌ಗಳು ಹಾರಿ ಬರುವ ಟಿವಿ ಸಿನಿಮಾ 2013ರಲ್ಲಿ ಬಂತು, 2018ರ ಹೊತ್ತಿಗೆ ಅದರದು 6 ಭಾಗ. ಮೊದಲನೆಯದರಲ್ಲಿ ನಾಯಕ ಶಾರ್ಕ್ ಹೊಟ್ಟೆಗೆ ಹೋಗಿ ಮರ ಕೊಯ್ಯುವ ಗರಗಸದಿಂದ ಅದನ್ನು ಸೀಳಿಕೊಂಡು ಆಚೆ ಬಂದಾಗ ನಾನೂ ಕುರ್ಚಿ ಬಡಿದುಕೊಂಡು ನಕ್ಕಿದ್ದೆ. ಆದರೆ ಒಂದೇ ಜೋಕನ್ನು ಆರು ಸಲ ಹೇಳುವವನನ್ನು ನಾವು ಮನೆಗೆ ಕರೆಯಲ್ಲ, ಅಲ್ವಾ?

ಬೇಕಂತಲೇ ಕೆಟ್ಟದಾಗಿ ಮಾಡಿದ ಸಿನಿಮಾ ನೋಡೋದು, ಸುಮ್ನೆ ಬಿದ್ದ ಹಾಗೆ ನಟಿಸುವವನನ್ನು ನೋಡಿದ ಹಾಗೆ. ಅವನು ಬಿದ್ದ ಮೇಲೆ ನಾವು ನಕ್ಕೆವೋ ಇಲ್ಲವೋ ಅಂತ ತಲೆ ಎತ್ತಿ ನೋಡುತ್ತಾನೆ. ಅಲ್ಲಿ ನಗು ಸತ್ತುಹೋಗುತ್ತದೆ.

ಇಷ್ಟಕ್ಕೂ ತಪ್ಪು ಅವರದ್ದು ಮಾತ್ರವಾ? ನಮ್ಮ ಬಾಯಲ್ಲಿ ಒಂದು ವಾಕ್ಯ ಇದೆ: "ತುಂಬಾ ಕೆಟ್ಟದಾಗಿದೆ, ಮಿಸ್ ಮಾಡ್ಕೋಬೇಡ." ಈ ವಾಕ್ಯವನ್ನು ಬದುಕಿನ ಬೇರೆ ಯಾವ ವಿಷಯಕ್ಕೂ ನಾವು ಬಳಸಲ್ಲ. ಆ ಡಾಕ್ಟರ್ ಭಯಂಕರ ಕೆಟ್ಟವನು, ಒಂದು ಸಲ ಆಪರೇಷನ್ ಮಾಡಿಸ್ಕೊಂಡು ನೋಡು ಅಂತ ಯಾರೂ ಹೇಳಿದ್ದು ಕೇಳಿಲ್ಲ. ಅದೇ ನನ್ನ ಗೆಳೆಯನನ್ನೇ ತಗೊಳ್ಳಿ. ಇವನು ಒಳ್ಳೇ ಸಿನಿಮಾ ನೋಡಿದರೆ ಒಂದೊಂದು ತಪ್ಪಿಗೂ ಮಾರ್ಕ್ಸ್ ಕಳೆಯುತ್ತಾನೆ, ನಾಯಕ ಹಿಂದಿನ ಶಾಟ್‌ನಲ್ಲಿ ಎಡಗೈಯಲ್ಲಿ ಲೋಟ ಹಿಡಿದಿದ್ದ ಈಗ ಬಲಗೈಯಲ್ಲಿದೆ ಅಂತ ಎರಡು ದಿನ ಕೊರೆಯುತ್ತಾನೆ. ಹಾರರ್ ಕಾಮಿಡಿಗೆ ಬಂದರೆ ಮಾತ್ರ ಲಾಜಿಕ್ ಕೇಳಬಾರದು, ತಲೆ ಮನೇಲಿಟ್ಟು ಬರಬೇಕು ಅಂತ ನನಗೆ ಉಪದೇಶ. ತಲೆ ಮನೇಲಿಟ್ಟು ಬಂದವನು ವಾಪಸ್ ಹೋಗಿ ಅದೇ ತಲೆ ಹಾಕಿಕೊಂಡು, ದೆವ್ವದ ವಾಚ್ ಅಂದರೆ ಕಾಲವೇ ಮನುಷ್ಯನನ್ನು ಕಾಡುವ ನಿಜವಾದ ಪ್ರೇತ ಅನ್ನುವುದರ ಸಂಕೇತ ಅಂತ ಆನ್‌ಲೈನ್‌ನಲ್ಲಿ ಮಾರುದ್ದ ಬರೆದ. ನಾನು ಲೈಕ್ ಒತ್ತಿದೆ. ಸ್ನೇಹ ಮುಖ್ಯ.

ಅವನ ಬರಹದ ಕೆಳಗೆ ಜನ ಎರಡು ಪಾಳೆಯ ಆದರು. ಒಂದು ಪಾಳೆಯ ಐದಕ್ಕೆ ಐದು ಸ್ಟಾರ್, ಇನ್ನೊಂದು ಒಂದೇ ಸ್ಟಾರ್. ಮೂರು ಕೊಟ್ಟವರು ಯಾರೂ ಇಲ್ಲ. ವಿಚಿತ್ರ ಅಂದ್ರೆ ಇಬ್ಬರ ಕಾರಣವೂ ಒಂದೇ, ವಾಚ್. ಆಮೇಲೆ ಗೊತ್ತಾಯಿತು, ಐದು ಕೊಟ್ಟವರೆಲ್ಲ ಗೆಳೆಯರ ಜೊತೆ ಗುಂಪಾಗಿ ನೋಡಿದವರು, ಒಂದು ಕೊಟ್ಟವರು ರಾತ್ರಿ ಒಬ್ಬರೇ ಲ್ಯಾಪ್‌ಟಾಪ್‌ನಲ್ಲಿ ನೋಡಿದವರು. ಒಬ್ಬನೇ ಕೂತು ನೋಡಿದರೆ ಅದು ಬರೀ ಕೆಟ್ಟ ಸಿನಿಮಾ. ಹತ್ತು ಜನ ಇದ್ದರೆ ಸಿನಿಮಾ ಒಂದು ನೆಪ, ಮಜಾ ಪಕ್ಕದವನ ಕಾಮೆಂಟ್‌ನಲ್ಲಿ. ಅಂದ್ರೆ ನಿರ್ಮಾಪಕ ನಗಿಸುವ ಕೆಲಸವನ್ನೂ ನಮ್ಮ ತಲೆಗೇ ಕಟ್ಟಿದ್ದಾನೆ, ಅದಕ್ಕೂ ದುಡ್ಡು ನಾವೇ ಕೊಡಬೇಕು.

ನಿಜವಾಗಿ ಈ ಕಸುಬು ಬಲು ಕಷ್ಟದ್ದು. ಹೆದರಿಸೋದು, ನಗಿಸೋದು ಎರಡೂ ಟೈಮಿಂಗ್ ಮೇಲೆ ನಿಂತಿದೆ. ಬಾಗಿಲು ಕಿರುಗುಟ್ಟಿ, ಉಸಿರು ಬಿಗಿಹಿಡಿದು, ಸರಿಯಾದ ಕ್ಷಣಕ್ಕೆ ಮುಖ ಕಂಡರೆ ಕಿರುಚುತ್ತೇವೆ. ಅದೇ ಮುಖ ಅರ್ಧ ಸೆಕೆಂಡ್ ತಡವಾಗಿ ಬಂದರೆ ನಗುತ್ತೇವೆ. ಆ ಅರ್ಧ ಸೆಕೆಂಡನ್ನು ಹಿಡಿಯೋಕೆ ದುಡ್ಡು ಬೇಡ, ಆದರೆ ಎಡಿಟಿಂಗ್ ಟೇಬಲ್ ಮುಂದೆ ರಾತ್ರಿಗಟ್ಟಲೆ ಕೂರಬೇಕು. ಕೂರೋಕೆ ಬೇಜಾರಾದರೆ ಆಗಲೇ ಹೇಳಿದೆನಲ್ಲ, ಹಿತ್ತಲ ಬಾಗಿಲು.

2017ರಲ್ಲಿ ಜಪಾನಿನ ಶಿನಿಚಿರೊ ಉಎಡಾ ಅನ್ನುವವರು ಸುಮಾರು 30 ಲಕ್ಷ ಯೆನ್‌ನಲ್ಲಿ, ಯಾರಿಗೂ ಗೊತ್ತಿಲ್ಲದ ನಟರನ್ನು ಇಟ್ಟುಕೊಂಡು ಒಂದು ಜೋಂಬಿ ಕಾಮಿಡಿ ಮಾಡಿದರು. ಸಿನಿಮಾ ಜಗತ್ತಿನಲ್ಲಿ ಅದು ಚಿಲ್ಲರೆ ಕಾಸು. ಶುರುವಿನಲ್ಲೇ 37 ನಿಮಿಷದ ಒಂದೇ ಶಾಟ್. ನಟರು ಮಾತು ಮರೆತವರ ಹಾಗೆ ನಿಲ್ಲುತ್ತಾರೆ, ಸಂಬಂಧವೇ ಇಲ್ಲದ ಹರಟೆ ಹೊಡೆಯುತ್ತಾರೆ. ನಾನು ಎದ್ದು ಹೋಗುವುದರಲ್ಲಿದ್ದೆ. ನೋಡದವರು ಈ ಪ್ಯಾರಾದ ಉಳಿದದ್ದನ್ನು ಬಿಟ್ಟುಬಿಡಿ. ದ್ವಿತೀಯಾರ್ಧದಲ್ಲಿ ಆ ಒಂದೊಂದು ಎಡವಟ್ಟು ಯಾಕೆ ಆಯಿತು ಅಂತ ಕ್ಯಾಮೆರಾದ ಹಿಂದಿನಿಂದ ತೋರಿಸುತ್ತಾರೆ. ಕೊನೆಯ ಶಾಟ್‌ಗೆ ಬೇಕಾದ ಕ್ರೇನ್ ಮುರಿದುಹೋಗಿದೆ, ಹಾಗಾಗಿ ಇಡೀ ತಂಡ ಒಬ್ಬರ ಬೆನ್ನ ಮೇಲೆ ಒಬ್ಬರು ಹತ್ತಿ ಕ್ರೇನ್ ಆಗಿ ನಿಲ್ಲುತ್ತದೆ. ಅಲ್ಲಿ ನನಗೆ ನಗು ಬಂತೋ ಅಳು ಬಂತೋ ಹೇಳೋಕಾಗಲ್ಲ. ಸಿನಿಮಾ ಹಾಕಿದ ದುಡ್ಡಿನ ಸಾವಿರ ಪಟ್ಟು ಹತ್ತಿರ ಹತ್ತಿರ ಗಳಿಸಿತು. ಅದನ್ನು ನೋಡಿದ ನಿರ್ಮಾಪಕರು ಎಲ್ಲ ಕಡೆ ಕಲಿತದ್ದು ಏನಪ್ಪಾ ಅಂದರೆ, ಮೊದಲ 37 ನಿಮಿಷ.

ಅಂದ ಹಾಗೆ ನಮ್ಮ ವಾಚ್ ದೆವ್ವದ ಸಿನಿಮಾ ಓಡಿಬಿಟ್ಟಿತು. ವಾಚ್ ಸೀನಿನ ತುಣುಕು ಎಲ್ಲರ ಫೋನಲ್ಲೂ ಓಡಾಡಿತು. ನಿರ್ದೇಶಕ ಒಂದು ಸಂದರ್ಶನದಲ್ಲಿ, ಅದು ಆರು ತಿಂಗಳು ಯೋಚಿಸಿ ಇಟ್ಟಿದ್ದು ಅಂದ. ಕೈಯ ಪಾತ್ರ ಮಾಡಿದ ಲೈಟ್ ಹುಡುಗ ಏನಂದನೋ, ಅವನನ್ನು ಯಾರೂ ಕೇಳಲಿಲ್ಲ.

ಎರಡನೇ ಭಾಗವೂ ಬಂತು, ಗೆಳೆಯ ಎಳೆದುಕೊಂಡು ಹೋದ, ಟಿಕೆಟ್ ಮತ್ತೆ ನಾನೇ ತಗೊಂಡೆ. ಈ ಸಲ ಬಂಗಲೆ ದೊಡ್ಡದು, ಹೊಗೆ ಒಳ್ಳೇ ಕ್ವಾಲಿಟಿ. ನಾಯಕಿ ನಿಂತಳು. ಗಡಿಯಾರ ಹನ್ನೆರಡು ಹೊಡೆಯಿತು. ಕೈ ಬಂತು. ಕ್ಯಾಮೆರಾ ಮಣಿಕಟ್ಟಿಗೆ ಇಷ್ಟು ಹತ್ತಿರ ಹೋಗಿ ನಿಂತಿತು, ಈ ಸಲದ್ದು ಮುಳ್ಳಿನ ವಾಚು, ಫಳಫಳ ಹೊಳೆಯಿತು, ಮುಳ್ಳು ಕೂಡ ಸರಿಯಾಗಿ ಹನ್ನೆರಡರಲ್ಲೇ ಇತ್ತು. ನಾವು ನಗಲಿ ಅಂತ ಸಿನಿಮಾ ನಾಲ್ಕು ಸೆಕೆಂಡ್ ಕಾಯಿತು. ಥಿಯೇಟರಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ನೆನಪಾಯಿತು, ಟೈಟಲ್ ಕಾರ್ಡಿನಲ್ಲಿ ಒಂದು ವಾಚ್ ಕಂಪನಿಗೆ ವಿಶೇಷ ಧನ್ಯವಾದ ಹೇಳಿದ್ದರು.