ನಮ್ಮೂರಿಗೂ ಬೇಕು ಅಂಥದೊಂದು ಕೈಪಿಡಿ

ಕ್ಯಾಲಿಫೋರ್ನಿಯಾದಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಗುರುತು ಹಾಕಿದರೆ ಮತದಾರನ ಕೆಲಸ ಮುಗಿಯುವುದಿಲ್ಲ. 2024ರ ನವೆಂಬರಿನಲ್ಲಿ ಅಧ್ಯಕ್ಷರನ್ನು ಆರಿಸುವ ಮತಪತ್ರದಲ್ಲೇ ರಾಜ್ಯದ ಹತ್ತು ಪ್ರಶ್ನೆಗಳೂ ಇದ್ದವು. ಶಾಲಾ ಕಟ್ಟಡಗಳಿಗಾಗಿ ಸಾಲ ಎತ್ತಬೇಕೇ? ಕನಿಷ್ಠ ಕೂಲಿ ಗಂಟೆಗೆ 18 ಡಾಲರ್ ಆಗಬೇಕೇ? ಅಂಗಡಿ ಕಳ್ಳತನಕ್ಕೆ ಶಿಕ್ಷೆ ಹೆಚ್ಚಬೇಕೇ? ಇಂಥ ಪ್ರಶ್ನೆಗೆ ಇಂಗ್ಲಿಷಿನಲ್ಲಿ ‘ಪ್ರಪೊಸಿಷನ್’ ಎನ್ನುತ್ತಾರೆ, ಜನರ ಬಾಯಲ್ಲಿ ಅದು ಚಿಕ್ಕದಾಗಿ ‘ಪ್ರಾಪ್’. ಹಾಸನದಲ್ಲಿರುವ ನನ್ನ ತಂದೆಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ಕಾನೂನು ಮಾಡಲೆಂದೇ ಶಾಸಕರನ್ನು ಆರಿಸಿ ಕಳಿಸಿದ್ದೀರಲ್ಲ, ಮತ್ತೆ ನಿಮ್ಮನ್ನೇಕಪ್ಪ ಕೇಳುತ್ತಾರೆ?”

ಉತ್ತರ 1911ರಲ್ಲಿದೆ. ಆಗ ಇಲ್ಲಿನ ಶಾಸನಸಭೆ ಸದರ್ನ್ ಪೆಸಿಫಿಕ್ ರೈಲು ಕಂಪನಿಯ ಹಿಡಿತದಲ್ಲಿದೆ ಎಂದು ಜನ ರೋಸಿಹೋಗಿದ್ದರು. ಗವರ್ನರ್ ಹೈರಮ್ ಜಾನ್ಸನ್ ಮುಂದೆ ನಿಂತು, ಜನರೇ ಕಾನೂನು ಬರೆಯುವ, ಶಾಸನಸಭೆಯ ಕಾನೂನನ್ನು ತಡೆಯುವ, ಆರಿಸಿದವರನ್ನು ವಾಪಸು ಕರೆಸುವ ಹಕ್ಕುಗಳನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 5ರಷ್ಟು ಸಹಿ ತಂದರೆ ಹೊಸ ಕಾನೂನು, ಶೇ. 8ರಷ್ಟು ತಂದರೆ ಸಂವಿಧಾನ ತಿದ್ದುಪಡಿ ಮತಪತ್ರಕ್ಕೆ ಬರುತ್ತದೆ.

ಉದ್ದೇಶ ದೊಡ್ಡದು. ಆದರೆ ಕಂಪನಿಗಳನ್ನು ಹೊರಗಿಡಲು ಕಟ್ಟಿದ ಬಾಗಿಲಿನಿಂದಲೇ ಕಂಪನಿಗಳು ಒಳಗೆ ಬಂದಿವೆ. ಸಹಿ ಸಂಗ್ರಹಿಸುವವರಿಗೆ ಸಹಿಗೆ ಇಷ್ಟು ಎಂದು ಹಣ ಸಲ್ಲುತ್ತದೆ. 2020ರ ಪ್ರಾಪ್ 22ರಲ್ಲಿ ತಮ್ಮ ಚಾಲಕರನ್ನು ನೌಕರರೆಂದು ಪರಿಗಣಿಸದಂತೆ ಮಾಡಲು ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮೊದಲಾದ ಕಂಪನಿಗಳು 20 ಕೋಟಿ ಡಾಲರ್‌ಗೂ ಹೆಚ್ಚು ಸುರಿದವು, ಗೆದ್ದವು. 2024ರಲ್ಲಿ ಬಾಡಿಗೆ ನಿಯಂತ್ರಣದ ಪರವಾಗಿ ಪ್ರಾಪ್ 33 ಬಂದಾಗ, ಅದಕ್ಕೆ ಹಣ ಕೊಟ್ಟ ಆರೋಗ್ಯ ಸಂಸ್ಥೆಯ ಕೈ ಕಟ್ಟಲೆಂದು ಬಾಡಿಗೆ ಮನೆಗಳ ಮಾಲೀಕರ ಸಂಘ ಪ್ರಾಪ್ 34ಕ್ಕೆ ಹಣ ಹಾಕಿತು. ಒಬ್ಬರ ಮೇಲಿನ ಹಗೆ ತೀರಿಸಲು ಇಡೀ ರಾಜ್ಯದ ಮತದಾರರನ್ನು ಎಬ್ಬಿಸುವುದು ಜನಾಧಿಕಾರವಲ್ಲ. ನಾನು 34ಕ್ಕೆ ಬೇಡ ಎಂದೆ. ಅದು ಕೂದಲೆಳೆಯ ಅಂತರದಲ್ಲಿ ಗೆದ್ದಿತು.

ಒಮ್ಮೆ ಕಟ್ಟಿದ ಗಂಟನ್ನು ಬಿಚ್ಚುವುದೂ ಸುಲಭವಲ್ಲ. 1978ರ ಪ್ರಾಪ್ 13 ಆಸ್ತಿ ತೆರಿಗೆಯನ್ನು ನಿಗದಿತ ಮೌಲ್ಯದ ಶೇ. 1ಕ್ಕೆ ಮಿತಿಗೊಳಿಸಿತು. ಮನೆ ಮಾರಾಟವಾಗುವ ತನಕ ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ಸನಿವೇಲ್‌ನ ನಮ್ಮ ಬೀದಿಯಲ್ಲಿ ಅಕ್ಕಪಕ್ಕದ, ಒಂದೇ ಅಳತೆಯ ಎರಡು ಮನೆಗಳಲ್ಲಿ ಹಳೆಯ ಒಡೆಯರು ಕಟ್ಟುವುದಕ್ಕಿಂತ ಹಲವು ಪಟ್ಟು ತೆರಿಗೆಯನ್ನು ಹೊಸದಾಗಿ ಕೊಂಡವರು ಕಟ್ಟುತ್ತಾರೆ. ನಿವೃತ್ತರಾದ ಅಜ್ಜಿಯರು ತೆರಿಗೆಗೆ ಹೆದರಿ ಮನೆ ಬಿಡಬಾರದು ಎಂಬುದು ನ್ಯಾಯ, ಅದನ್ನು ನಾನೂ ಒಪ್ಪುತ್ತೇನೆ. ಅದೇ ರಕ್ಷಣೆ ದೊಡ್ಡ ಕಚೇರಿ ಕಟ್ಟಡಗಳಿಗೂ ಏಕೆ? ಅದನ್ನು ತಿದ್ದಲು ಬಂದ 2020ರ ಪ್ರಾಪ್ 15 ಸೋತಿತು.

2024ರ ಮತಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪ್ರಾಪ್ 6. ಸೆರೆಮನೆಯಲ್ಲಿರುವವರಿಂದ ಅವರ ಇಚ್ಛೆಗೆ ವಿರುದ್ಧವಾಗಿ ದುಡಿಸಿಕೊಳ್ಳಲು ಅವಕಾಶವಿರುವ ಸಂವಿಧಾನದ ಮಾತನ್ನು ತೆಗೆಯಬೇಕೇ ಎಂಬುದು ಪ್ರಶ್ನೆ. ಪ್ರಶ್ನೆಗಳ ಪರ–ವಿರೋಧ ವಾದಗಳನ್ನು ಅಚ್ಚು ಹಾಕಿ ಸರ್ಕಾರ ಕಳಿಸುವ ಮತದಾರರ ಕೈಪಿಡಿಯಲ್ಲಿ ಇದಕ್ಕೆ ವಿರೋಧದ ವಾದವನ್ನು ಬರೆದು ಕೊಡಲು ಒಬ್ಬರೂ ಮುಂದೆ ಬಂದಿರಲಿಲ್ಲ. ಆದರೂ ಜನ ಅದನ್ನು ಸೋಲಿಸಿದರು. 1976ರಲ್ಲೇ ಜೀತ ನಿಷೇಧಿಸಿದ ದೇಶದಿಂದ ಬಂದವನಿಗೆ ಅಂದು ನಿಜಕ್ಕೂ ನೋವಾಯಿತು. ಅದೇ ದಿನ ಕಳ್ಳತನ ಮತ್ತು ಮಾದಕ ವಸ್ತುಗಳ ಅಪರಾಧಗಳಿಗೆ ಶಿಕ್ಷೆ ಹೆಚ್ಚಿಸುವ ಪ್ರಾಪ್ 36 ಭರ್ಜರಿಯಾಗಿ ಗೆದ್ದಿತು. ಔಷಧಿ ಅಂಗಡಿಯಲ್ಲಿ ಟೂತ್‌ಪೇಸ್ಟಿಗೂ ಬೀಗ ಹಾಕಿರುವುದನ್ನು ಕಂಡ ಜನರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮಾದಕ ವ್ಯಸನಕ್ಕೆ ಚಿಕಿತ್ಸೆ ಕಡ್ಡಾಯ ಎನ್ನುವ ಆ ಕಾನೂನು ಚಿಕಿತ್ಸೆಗೆ ಬೇರೆ ಹಣ ಇಟ್ಟಿರಲಿಲ್ಲ. ನನ್ನ ಮತ ಬೇಡ ಎಂಬುದಕ್ಕೆ ಬಿತ್ತು.

ಹಾಗಾಗಿ ಇಂಥ ಜನಮತಗಣನೆ ಕರ್ನಾಟಕಕ್ಕೂ ಬರಲಿ ಎಂದು ನಾನು ಹೇಳಲಾರೆ. ಸರ್ಕಾರಿ ಉದ್ಯೋಗ ಮತ್ತು ಶಿಕ್ಷಣದಲ್ಲಿ ಜನಾಂಗ, ಲಿಂಗಗಳ ಆಧಾರದ ಮೇಲೆ ಆದ್ಯತೆ ಕೊಡುವುದನ್ನು ಇಲ್ಲಿನ ಜನ 1996ರಲ್ಲಿ ಪ್ರಾಪ್ 209ರ ಮೂಲಕ ಮತ ಹಾಕಿಯೇ ನಿಲ್ಲಿಸಿದರು. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿ ಕುರಿತ ಹಾವನೂರು ಆಯೋಗದ ವರದಿಯನ್ನು ಹೀಗೆ ಹೌದು–ಬೇಡಗಳ ಮತಕ್ಕೆ ಹಾಕಿದ್ದರೆ, ಹಣವಿದ್ದವರು ಪ್ರಚಾರ ಮಾಡಿದ್ದರೆ, ಅದು ಉಳಿಯುತ್ತಿತ್ತೇ?

ನಮ್ಮೂರಿಗೆ ಒಯ್ಯಬೇಕೆನಿಸುವುದು ಆ ಕೈಪಿಡಿಯನ್ನು. ರಾಜ್ಯ ಸರ್ಕಾರವೇ ಅಚ್ಚು ಹಾಕಿಸಿ ಮತದಾರರ ಮನೆಗಳಿಗೆ ಕಳಿಸುತ್ತದೆ. ಯಾವ ಪಕ್ಷಕ್ಕೂ ಸೇರದ ಶಾಸನಸಭೆಯ ವಿಶ್ಲೇಷಕರ ಕಚೇರಿ ಪ್ರತಿ ಪ್ರಶ್ನೆಗೂ ತಗಲುವ ವೆಚ್ಚದ ಲೆಕ್ಕ ಬರೆಯುತ್ತದೆ. ಶಾಲೆಗಳ ಬಾಂಡ್‌ಗೆ, ಅಂದರೆ ಪ್ರಾಪ್ 2ಕ್ಕೆ, ‘1,000 ಕೋಟಿ ಡಾಲರ್ ಸಾಲ, ತೀರಿಸಲು 35 ವರ್ಷ, ವರ್ಷಕ್ಕೆ ಸುಮಾರು 50 ಕೋಟಿ ಡಾಲರ್’ ಎಂಬ ಲೆಕ್ಕವಿತ್ತು. ಅದರ ಹಿಂದೆಯೇ ಪರ ವಾದ, ಅದಕ್ಕೆ ಎದುರು ಉತ್ತರ. ವಿರೋಧದ ವಾದ, ಅದಕ್ಕೂ ಉತ್ತರ. ಆ ಲೆಕ್ಕ ನೋಡಿದ ಮೇಲೇ ನಾನು ಹೌದು ಎಂದೆ.

ಬೆಂಗಳೂರಿನಲ್ಲಿ 2016ರಲ್ಲಿ ಉಕ್ಕಿನ ಮೇಲ್ಸೇತುವೆಯ ಯೋಜನೆ ಬಂದಾಗ ‘ಬೇಡ’ ಎನ್ನಲು ಜನ ಬೀದಿಯಲ್ಲಿ ಮಾನವ ಸರಪಳಿ ಕಟ್ಟಬೇಕಾಯಿತು. ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲಂತೂ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಮಾತು. ಇಷ್ಟು ಸಾವಿರ ಕೋಟಿ ಖರ್ಚು, ಸಾಲ ಇಷ್ಟು, ತೀರಿಸಲು ಇಷ್ಟು ವರ್ಷ, ಲಾಲ್‌ಬಾಗಿನ ಬಳಿ ಆಗುವುದು ಇದು, ಪರವಾಗಿರುವವರ ಮಾತು ಇದು, ಬೇಡವೆನ್ನುವವರ ಮಾತು ಇದು ಎಂದು ಕನ್ನಡದಲ್ಲಿ ನಾಲ್ಕು ಪುಟ ಅಚ್ಚು ಹಾಕಿಸಿ ಮನೆಮನೆಗೆ ಹಂಚಲು ಯಾವ ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ. ಗುತ್ತಿಗೆಗೆ ಸಹಿ ಬೀಳುವ ಮೊದಲು ಆ ನಾಲ್ಕು ಪುಟ ನಮ್ಮವರ ಕೈ ಸೇರಬೇಕು.